ಲಾಕ್ ಹಿಡಿದಾಗ ಇಂಟರಪ್ಟ್ ಬಂದರೆ: ಲಾಕ್ ಹಿಡಿಯುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮಟ್ಟ ಓದುವ ಸೆನ್ಸರ್‌ಗೆ ರಾಯಚೂರಿನಲ್ಲಿ ಕೂತು ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೀರಿ ಎನ್ನಿ. ರೀಡ್ ಫಂಕ್ಷನ್ ಬಫರ್‌ನ ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ಸುತ್ತುತ್ತಲೇ ಕಾಯುವ ಬೀಗ) ಹಿಡಿದಿದೆ. ಅದೇ ಸಿಪಿಯು ಮೇಲೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆಯುವ ಹಾರ್ಡ್‌ವೇರ್ ಸಂಕೇತ) ಬಂತು, ಅದನ್ನು ನಿಭಾಯಿಸುವ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಅದೇ ಲಾಕ್ ಕೇಳಿತು. ಹ್ಯಾಂಡ್ಲರ್ ಮುಗಿಯದೆ ರೀಡ್ ಮುಂದುವರಿಯದು, ರೀಡ್ ಬಿಡದೆ ಹ್ಯಾಂಡ್ಲರ್‌ಗೆ ಲಾಕ್ ಸಿಗದು. ಸಿಪಿಯು ಅಲ್ಲೇ ಗಿರಕಿ.

ಆದ್ದರಿಂದ ರೀಡ್‌ನಲ್ಲಿ ‘ಸ್ಪಿನ್_ಲಾಕ್_ಐಆರ್‌ಕ್ಯೂಸೇವ್’ (ಇಂಟರಪ್ಟ್ ತೆರೆದಿತ್ತೇ ಎಂಬ ಸ್ಥಿತಿ ಉಳಿಸಿ, ಇಂಟರಪ್ಟ್ ಮುಚ್ಚಿ ಲಾಕ್ ಹಿಡಿಯುತ್ತದೆ) ಬಳಸಿ, ಬಿಡುವಾಗ ‘ಸ್ಪಿನ್_ಅನ್‌ಲಾಕ್_ಐಆರ್‌ಕ್ಯೂರಿಸ್ಟೋರ್’ (ಆ ಸ್ಥಿತಿಯನ್ನೇ ಮರಳಿಸುತ್ತದೆ). ಬರೀ ‘ಸ್ಪಿನ್_ಅನ್‌ಲಾಕ್_ಐಆರ್‌ಕ್ಯೂ’ ಹಿಂದುಮುಂದು ನೋಡದೆ ಇಂಟರಪ್ಟ್ ತೆರೆದುಬಿಡುತ್ತದೆ. ಹೊರಗಿನ ಫಂಕ್ಷನ್ ಮುಚ್ಚಿಟ್ಟದ್ದೂ ಬಯಲಾಯಿತು! ಆ ಸ್ಥಿತಿ ಉಳಿಸುವ ಫ್ಲ್ಯಾಗ್ಸ್ ಲೋಕಲ್ ವೇರಿಯಬಲ್ ಆಗಿರಲಿ. ಗ್ಲೋಬಲ್ ಮಾಡಿದರೆ ಇನ್ನೊಂದು ಸಿಪಿಯು ಅದರ ಮೇಲೆ ಬರೆಯುತ್ತದೆ.

ಸ್ವಂತ ಕರ್ನಲ್ ಕಟ್ಟುವವರು ಒಂದರೊಳಗೊಂದು ಎಷ್ಟು ಲಾಕ್ ಹಿಡಿದಿದ್ದೇವೆ ಎಂದು ಪ್ರತಿ ಸಿಪಿಯುಗೆ ಒಂದು ಎಣಿಕೆ ಇಡಿ. ಇಂಟರಪ್ಟ್ ಸ್ಥಿತಿ ಓದಿ, ಮುಚ್ಚಿ; ಎಣಿಕೆ 0 ಇದ್ದರೆ ಮಾತ್ರ ಆ ಸ್ಥಿತಿ ಉಳಿಸಿ; 1 ಕೂಡಿಸಿ; ಆಮೇಲೆ ಲಾಕ್. ಬಿಡುವಾಗ ಲಾಕ್ ಮೊದಲು ಬಿಡಿ, 1 ಕಳೆಯಿರಿ. ಎಣಿಕೆ 0ಕ್ಕೆ ಇಳಿದು, ಉಳಿಸಿದ ಸ್ಥಿತಿ ‘ತೆರೆದಿತ್ತು’ ಎಂದಿದ್ದರಷ್ಟೇ ಇಂಟರಪ್ಟ್ ತೆರೆಯಿರಿ.

ಸ್ಪಿನ್‌ಲಾಕ್ ಹಿಡಿದು ನಿದ್ದೆ (ಸಿಪಿಯು ಬಿಟ್ಟುಕೊಟ್ಟು ಕಾಯುವುದು) ಬೇಡ: ಮ್ಯೂಟೆಕ್ಸ್ (ನಿದ್ದೆ ಮಾಡಿ ಕಾಯುವ ಲಾಕ್), ‘ಕಾಪಿ_ಟು_ಯೂಸರ್’ (ಬಳಕೆದಾರ ಪ್ರೋಗ್ರಾಂಗೆ ಡೇಟಾ ನಕಲು), ‘ಜಿಎಫ್‌ಪಿ_ಕರ್ನಲ್’ (ಕಾಯಬಹುದಾದ ಮೆಮೊರಿ ಬೇಡಿಕೆ) ಎಲ್ಲ ಲಾಕ್‌ನ ಹೊರಗೆ. ಒಂದೇ ಕೋರ್‌ನ, ಪ್ರಿಎಂಪ್ಷನ್ (ಓಡುತ್ತಿರುವ ಕೆಲಸ ತಡೆದು ಬೇರೆಯದಕ್ಕೆ ಸಿಪಿಯು ಕೊಡುವುದು) ಇಲ್ಲದ ಕರ್ನಲ್‌ನಲ್ಲಿ ಸ್ಪಿನ್‌ಲಾಕೇ ಮಾಯವಾಗಿ ತಪ್ಪು ಅಡಗಿರುತ್ತದೆ. ಹಲವು ಕೋರ್‌ಗಳ ಮೇಲೆ ‘ಕಾನ್ಫಿಗ್_ಪ್ರೂವ್_ಲಾಕಿಂಗ್’ (ಲಾಕ್ ತಪ್ಪು ಹಿಡಿಯುವ ಕರ್ನಲ್ ಆಯ್ಕೆ) ಹಾಕಿಯೇ ಓಡಿಸಿ ನೋಡಿ.