ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಏಕೆ’ ಬೇಡ

ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರಿಗೆ ಒಂದು ಮಾತು. ‘ನಮ್ಮ ಬೀದಿಯ ರಸ್ತೆ ಆರೇ ತಿಂಗಳಿಗೆ ಏಕೆ ಕಿತ್ತುಹೋಯಿತು?’ ಎಂದು ನಾನೂ ಒಮ್ಮೆ ಸಿಟ್ಟಿನಲ್ಲಿ ಬರೆದಿದ್ದೆ. ‘ಕೋರಿದ್ದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಮೈ ಉರಿದರೂ ಅವರು ಹೇಳಿದ್ದು ಸರಿಯೇ. 2005ರ ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು, ಸಮಜಾಯಿಷಿಯನ್ನಲ್ಲ. ಎರಡನೇ ಸಲ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು ಇವುಗಳ ದೃಢೀಕೃತ ಪ್ರತಿ ಕೇಳಿದೆ. ಅಳತೆ ಪುಸ್ತಕದಲ್ಲಿ ಡಾಂಬರಿನ ದಪ್ಪ ಬರೆದಿರುತ್ತದೆ. ಗುಂಡಿಯ ಅಂಚಿಗೆ ಸ್ಕೇಲು ಹಿಡಿದರೆ ‘ಏಕೆ’ ಎಂಬುದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ, ಶುಲ್ಕ 10 ರೂಪಾಯಿ. ಕಾರಣ ಹೇಳಬೇಕಿಲ್ಲ, ಕೇಳಿದರೆ ಕಾಯ್ದೆಯ 6(2)ನೇ ಕಲಂ ತೋರಿಸಿ. ವಿಷಯ ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು, ನಿಮ್ಮನ್ನು ಅಲೆಸುವಂತಿಲ್ಲ. ಅರ್ಜಿ ಕೊಟ್ಟು 30 ದಿನ ದಾಟಿದರೂ ಮಾಹಿತಿ ಬರಲಿಲ್ಲವೆಂದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಆದರೆ ಮೇಲಧಿಕಾರಿಗೆ ಸಲ್ಲಿಸುವ ಮೊದಲ ಮೇಲ್ಮನವಿಗೆ ನಿಮಗೂ ಅಲ್ಲಿಂದ 30 ದಿನವೇ ಗಡುವು. ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಜೋಪಾನವಾಗಿಡಿ. ದಿನ ಎಣಿಸುವುದು ಅದರಿಂದಲೇ.