ಲಾನ್‌ನಲ್ಲಿ ಎದ್ದ ಫೇರಿ ರಿಂಗ್: ನಾನು ಮಾಡಿದ್ದೇನು?

ನಾನು ನೋಡಿಕೊಳ್ಳುವ ಲಾನ್‌ನಲ್ಲಿ ಕಡುಹಸಿರಿನ ಒಂದು ಉಂಗುರ ಎದ್ದಿತ್ತು. ಆಚೀಚೆ ಹುಲ್ಲು ಪೇಲವ, ಉಂಗುರದ ಮೇಲೆ ಮಾತ್ರ ಸೊಂಪು. ಯಾರೋ ಗೊಬ್ಬರ ಚೆಲ್ಲಿರಬೇಕು ಅಂದರು ನೋಡಿದವರು. ಚೆಲ್ಲಿದ ಗೊಬ್ಬರ ಇಷ್ಟು ದುಂಡಗೆ ಬೀಳುತ್ತದಾ? ಮಳೆ ಹಿಡಿದ ಮೇಲೆ ಅದೇ ಗೆರೆಯಲ್ಲಿ ಅಣಬೆಗಳು ಸಾಲಾಗಿ ಎದ್ದವು. ಮಣ್ಣೊಳಗಿನ ಶಿಲೀಂಧ್ರದಿಂದ ಹುಲ್ಲಿನಲ್ಲಿ ಮೂಡುವ ಉಂಗುರ, ಅಂದರೆ ಫೇರಿ ರಿಂಗ್ ಅನ್ನುವುದು ಖಾತ್ರಿಯಾಯಿತು.

ಅಣಬೆ ಕಿತ್ತು ಎಸೆದರೆ ಇದು ಹೋಗುವುದಿಲ್ಲ. ಅಸಲಿ ಜೀವ ಇರುವುದು ಮಣ್ಣೊಳಗೆ. ಗುದ್ದಲಿಯಿಂದ ಉಂಗುರದ ಅಂಚಿನಲ್ಲಿ ಒಂದು ಹೆಂಟೆ ಎತ್ತಿ ನೋಡಿದೆ. ಮಣ್ಣಿನ ಕಾಳುಗಳ ನಡುವೆ ಬಿಳಿ ಎಳೆಗಳು ಬಲೆ ಕಟ್ಟಿದ್ದವು. ಮೂಗಿಗೆ ಹಿಡಿದರೆ ಘಮ್ಮನೆ ಅಣಬೆ ವಾಸನೆ. ಹಿಂದಿನ ಸಂಜೆಯಷ್ಟೇ ಮಳೆ ಬಂದಿತ್ತು, ಆದರೂ ಒಳಗಿನ ಮಣ್ಣು ಒಣ ಪುಡಿ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಕೆಸುವಿನೆಲೆ ಮೇಲಿನ ನೀರಿನಂತೆ ಮಣಿಯಾಗಿ ನಿಂತಿತು, ಆಮೇಲೆ ಉರುಳಿ ಹೋಯಿತು. ನನ್ನ ಮಟ್ಟಿಗೆ ಇಡೀ ರೋಗದ ಗುಟ್ಟು ಆ ಹನಿಯಲ್ಲೇ ಇತ್ತು.

ಶಿಲೀಂಧ್ರ ಒಂದು ಬಿಂದುವಿನಲ್ಲಿ ಶುರುವಾಗುತ್ತದೆ. ಮಣ್ಣಲ್ಲಿರುವ ಸತ್ತ ಬೇರು, ಕೊಳೆತ ಹುಲ್ಲು ಅದರ ಊಟ. ಹಿಂದಿನದು ಖಾಲಿಯಾದಂತೆ ಮುಂದಕ್ಕೆ ಹಬ್ಬುತ್ತದೆ. ಎಲ್ಲ ದಿಕ್ಕಿಗೂ ಹೆಚ್ಚುಕಮ್ಮಿ ಒಂದೇ ವೇಗ, ಹಾಗಾಗಿ ದುಂಡಗೆ ಕಾಣುತ್ತದೆ. ಜಾತಿ ಮತ್ತು ಮಣ್ಣನ್ನು ಅವಲಂಬಿಸಿ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಿಂದ 30 ಸೆಂಟಿಮೀಟರ್‌ಗೂ ಜಾಸ್ತಿ ಸರಿಯಬಹುದು. ಊಟ ಅರಗುವಾಗ ಸಾರಜನಕ ಬಿಡುಗಡೆಯಾಗುತ್ತದೆ. ಹುಲ್ಲು ಅದನ್ನು ಹೀರಿ ಕಡುಹಸಿರಾಗುತ್ತದೆ. ಎಳೆಗಳು ದಟ್ಟವಾದ ಕಡೆ ಮಣ್ಣು ನೀರನ್ನೇ ಒಲ್ಲೆ ಅನ್ನುತ್ತದೆ. ಅಲ್ಲಿ ಹುಲ್ಲು ಬಾಯಾರಿ ಸಾಯುತ್ತದೆ. ಕಿನ್ನರಿಯರು ಕುಣಿದ ಜಾಗ ಅಂತಲೋ, ಸಿಡಿಲು ಬಡಿದ ಗುರುತು ಅಂತಲೋ ಯುರೋಪಿನವರು ಬಹಳ ಕಾಲ ನಂಬಿದ್ದರು. ಹೊರಮುಖವಾಗಿ ಬೆಳೆಯುವ ಅಣಬೆಯೇ ಇದಕ್ಕೆ ಕಾರಣ ಅಂತ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ವೊಲಾಸ್ಟನ್ 1807ರಲ್ಲಿ ಬಿಡಿಸಿ ಬರೆದರು.

ಹಾಗಾಗಿ ನಾನು ಅಣಬೆಯ ಹಿಂದೆ ಬೀಳಲಿಲ್ಲ, ನೀರಿನ ಹಿಂದೆ ಬಿದ್ದೆ. ತೋಟದ ಫೋರ್ಕ್ ತಗೊಂಡು ಉಂಗುರದ ಉದ್ದಕ್ಕೂ, ಎರಡೂ ಬದಿಗೆ ಒಂದೊಂದು ಗೇಣು ಹೆಚ್ಚಿಗೆ ಸೇರಿಸಿ, ಒತ್ತೊತ್ತಾಗಿ ತೂತು ಹೊಡೆದೆ. ಒಣಗಿದ ಪದರ ದಾಟುವಷ್ಟು ಆಳ ಬೇಕು, ಮೇಲೆ ಮೇಲೆ ಚುಚ್ಚಿದರೆ ಪ್ರಯೋಜನವಿಲ್ಲ. ನೀರು ಮಣ್ಣಿಗೆ ಇಳಿಯಲು ನೆರವಾಗುವ ವೆಟಿಂಗ್ ಏಜೆಂಟ್ ಬೆರೆಸಿ ಸುರಿದೆ. ಆಮೇಲೆ ಪೈಪನ್ನು ಸಣ್ಣಗೆ ಬಿಟ್ಟು ಸುಮ್ನೆ ಕಾದೆ. ಜೋರಾಗಿ ಬಿಟ್ಟರೆ ನೀರು ಪಕ್ಕಕ್ಕೆ ಹರಿದು ಹೋಗುತ್ತದೆ ಅಷ್ಟೇ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಇದು. ಹನಿ ನಿಲ್ಲದೆ ಇಂಗುವವರೆಗೂ ಇದನ್ನೇ ಮಾಡುತ್ತಾ ಇರಬೇಕು. ಉಂಗುರದ ಬಣ್ಣ ಎದ್ದು ಕಾಣದಿರಲಿ ಅಂತ ಉಳಿದ ಹುಲ್ಲಿಗೆ ಸ್ವಲ್ಪ ಸಾರಜನಕದ ಗೊಬ್ಬರವನ್ನೂ ಕೊಟ್ಟೆ. ಇದು ಬರೀ ಮೇಕಪ್ಪು, ಒಪ್ಪುತ್ತೇನೆ.

ಅಜಾಕ್ಸಿಸ್ಟ್ರೋಬಿನ್‌ನಂಥ ಶಿಲೀಂಧ್ರನಾಶಕ ಔಷಧಿಗಳಿವೆ. ಆದರೆ ನೀರೇ ಇಳಿಯದ ಮಣ್ಣಿಗೆ ಔಷಧಿ ಹೇಗೆ ಇಳಿದೀತು? ಅಗೆದು ತೆಗೆಯುವುದಾದರೆ ಸುಮಾರು 30 ಸೆಂಟಿಮೀಟರ್ ಆಳ, ಉಂಗುರದ ಹೊರಗೂ ಅಷ್ಟೇ ಅಗಲ ಬಗೆಯಬೇಕು. ಆ ಮಣ್ಣು ಬೇರೆಡೆ ಚೆಲ್ಲದ ಹಾಗೆ ಸಾಗಿಸಬೇಕು. ಓಡಾಡುವ ಲಾನ್‌ಗೆ ಇಷ್ಟೆಲ್ಲ ಯಾಕೆ ಅಂತ ಎರಡನ್ನೂ ಬಿಟ್ಟೆ.

ಅಣಬೆ ಕಿತ್ತಿದ್ದೇನೋ ನಿಜ, ಅದು ಬೇರೆ ಕಾರಣಕ್ಕೆ. ಬಿಸಿ ನಾಡುಗಳ ಹುಲ್ಲಿನಲ್ಲಿ ಉಂಗುರ ಕಟ್ಟುವ ಅಣಬೆಗಳಲ್ಲಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಕೂಡ ಒಂದು. ಬಿಳಿ ಕೊಡೆಯಂಥ ದೊಡ್ಡ ಟೋಪಿ, ಬಲಿತ ಮೇಲೆ ಅಡಿಯ ಪದರಗಳು ಹಸಿರು ಛಾಯೆಗೆ ತಿರುಗುತ್ತವೆ. ತಿಂದರೆ ವಿಪರೀತ ವಾಂತಿಭೇದಿ. ಮಕ್ಕಳು, ನಾಯಿಗಳು ಓಡಾಡುವ ಜಾಗದಲ್ಲಿ ಅದನ್ನು ಉಳಿಸಬಾರದು. ಉಂಗುರ ಕಟ್ಟುವ ಇನ್ನೊಂದು ಅಣಬೆ ಮರಾಸ್ಮಿಯಸ್ ಒರಿಯಾಡಿಸ್ ತಿನ್ನುವ ಜಾತಿಯೇ, ಆದರೆ ಅದನ್ನೇ ಹೋಲುವ ವಿಷದ ಅಣಬೆ ಅಂಥದ್ದೇ ಹುಲ್ಲಿನಲ್ಲಿ ಏಳುತ್ತದೆ. ನಾನಂತೂ ಯಾವುದನ್ನೂ ಬಾಯಿಗಿಡುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಮೂಲೆಯಲ್ಲಿ ಎರಡನೇ ಉಂಗುರವೊಂದು ದೊಡ್ಡದಾಗುತ್ತಾ ಬಂದು ಮೊದಲನೆಯದಕ್ಕೆ ತಾಗಿತು. ಒಂದನ್ನೊಂದು ದಾಟಲಿಲ್ಲ. ತಾಗಿದ ಕಡೆ ಎರಡೂ ಅಳಿಸಿಹೋದವು. ಎದುರಿನವನು ಆಗಲೇ ಉಂಡು ಮುಗಿಸಿದ ಮಣ್ಣಿನಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಈಗ ಅಲ್ಲಿರುವುದು ಎರಡು ಕಮಾನುಗಳು ಮಾತ್ರ.

ಕೆಲವರು ನಮೀಬಿಯಾದ ಬೋಳು ವೃತ್ತಗಳ ಫೋಟೋ ತೋರಿಸಿ ಇದೂ ಅದೇನಾ ಅಂತ ಕೇಳುತ್ತಾರೆ. ಅಲ್ಲ. ಅವು ಮರುಭೂಮಿಯ ಅಂಚಿನ ಹುಲ್ಲಿನಲ್ಲಿ ಮೂಡುವಂಥವು. ಗೆದ್ದಲಿನ ಕೆಲಸವೋ, ನೀರಿಗಾಗಿ ಹುಲ್ಲುಹುಲ್ಲಿನ ಪೈಪೋಟಿಯೋ ಅನ್ನುವ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ.

ಈಗ ಪಕ್ಕದ ಖಾಲಿ ಜಾಗಕ್ಕೆ ಹುಲ್ಲು ಹಾಕಬೇಕಿದೆ. ಅಲ್ಲೊಂದು ಕಡಿದ ಮರದ ಬುಡ ಉಳಿದಿದೆ. ಹೂತ ಮರ ಅಂದರೆ ಇಂಥ ಶಿಲೀಂಧ್ರಕ್ಕೆ ಹಬ್ಬದೂಟ. ಬೇರು ಸಮೇತ ತೆಗೆಸಿಯೇ ಮಣ್ಣು ಹರಡುವುದು ಅಂತ ಹೇಳಿದ್ದೇನೆ.