ಮಿಡಿ ಉದುರದ ಚಪ್ಪರ

ಕರಾವಳಿ, ಮಲೆನಾಡಿನ ಹಿತ್ತಲಲ್ಲಿ ಮಳೆಗಾಲದ ಬಳ್ಳಿ ತರಕಾರಿ ಕೈಕೊಟ್ಟರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬುಡದಲ್ಲಿ ನೀರು ನಿಂತಿರುತ್ತದೆ, ಇಲ್ಲವೇ ಹೂವಿಗೆ ಪರಾಗ ಮುಟ್ಟಿರುವುದಿಲ್ಲ. ಗೊಬ್ಬರ ಸಾಲದೆ ಸೊರಗಿದ ಬಳ್ಳಿಗಿಂತ, ಗೊಬ್ಬರ ಅತಿಯಾಗಿ ಬರೀ ಎಲೆ ಬಿಟ್ಟು ಕೂತ ಬಳ್ಳಿಯೇ ಹೆಚ್ಚು.

ಹೀರೆ, ಹಾಗಲ, ಪಡವಲ, ಮುಳ್ಳುಸೌತೆಯ ಬೀಜ ಮೇ ಕೊನೆಯ ವಾರ, ರೋಹಿಣಿ ಮಳೆಯ ಹೊತ್ತಿಗೆ ಮಣ್ಣು ಸೇರಲಿ. ಜಡಿಮಳೆ ಹಿಡಿಯುವ ಮೊದಲೇ ನಾಲ್ಕೈದು ಎಲೆ ಬಿಟ್ಟು ಬೇರೂರಿದ ಸಸಿ ತಡೆದುಕೊಳ್ಳುತ್ತದೆ, ತಡವಾಗಿ ಮೊಳೆತದ್ದು ಬುಡ ಕೊಳೆತು ಮಲಗುತ್ತದೆ. ಗುಂಡಿ ತೋಡಬೇಡಿ, ಗುಡ್ಡೆ ಮಾಡಿ: ಒಂದಡಿ ಎತ್ತರ, ಎರಡಡಿ ಅಗಲ. ಒಣ ತರಗೆಲೆಯ ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸಿದ ಸುಡುಮಣ್ಣು ಒಂದು ಬುಟ್ಟಿ, ಹಳೆಯ ಹಟ್ಟಿಗೊಬ್ಬರ ಒಂದು ಬುಟ್ಟಿ, ಬೇವಿನ ಹಿಂಡಿ ಎರಡು ಮುಷ್ಟಿ, ಇಷ್ಟು ಒಂದು ಗುಡ್ಡೆಗೆ ಸಾಕು. ಗೊಬ್ಬರ ಮುಟ್ಟಿದರೆ ಬೆಚ್ಚಗಿದ್ದರೆ ಇನ್ನೂ ಕಳಿತಿಲ್ಲ ಎಂದೇ ಲೆಕ್ಕ, ಬೇರು ಸುಟ್ಟೀತು. ಗುಡ್ಡೆಯ ಸುತ್ತ ನೀರು ಹರಿದುಹೋಗಲು ಕಣಿ ತೆಗೆಯುವುದನ್ನು ಮರೆಯಬೇಡಿ.

ಹಾಗಲದ ಬೀಜದ ಸಿಪ್ಪೆ ಗಟ್ಟಿ. ತುದಿಯನ್ನು ಉಗುರುಕತ್ತರಿಯಲ್ಲಿ ಚೂರೇ ಚಿವುಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಬೆಚ್ಚಗಿಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಆಗ ಒಂದು ಅಂಗುಲ ಆಳಕ್ಕೆ ಊರಿ. ಗುಡ್ಡೆಗೆ ನಾಲ್ಕು ಬೀಜ ಹಾಕಿ, ಕೊನೆಗೆ ಎರಡೇ ಸಸಿ ಉಳಿಸಿಕೊಳ್ಳಿ. ಕೀಳಲು ಕರುಳು ಚುರುಕ್ ಎನ್ನುತ್ತದೆ ನಿಜ, ಆದರೆ ನಾಲ್ಕನ್ನೂ ಉಳಿಸಿದರೆ ನಾಲ್ಕೂ ಬಡಕಲಾಗುತ್ತವೆ.

ಚಪ್ಪರ ಐದೂವರೆ ಅಡಿ ಎತ್ತರವಿದ್ದರೆ ಹೂವಿಗೂ ಕಾಯಿಗೂ ಕೈ ಎಟಕುತ್ತದೆ. ಕಂಬಕ್ಕೆ ಗ್ಲಿರಿಸಿಡಿಯ ನೆಟ್ಟರೆ ಅದೇ ಚಿಗುರಿ ವರ್ಷಾನುಗಟ್ಟಲೆ ನಿಲ್ಲುತ್ತದೆ, ಸೊಪ್ಪು ಗೊಬ್ಬರಕ್ಕೂ ಆಯಿತು. ಮೇಲೆ ಅಡಿಕೆ ಸಲಾಕೆ ಹಾಸಿ ಹಳೆಯ ಮೀನುಬಲೆ ಕಟ್ಟಿ. ಬಳ್ಳಿ ಚಪ್ಪರ ಮುಟ್ಟುವವರೆಗೆ ಪಕ್ಕದ ಕುಡಿಗಳನ್ನೆಲ್ಲ ಚಿವುಟಿ ಒಂಟಿಯಾಗಿಯೇ ಹತ್ತಿಸಿ. ಚಪ್ಪರದ ಮೇಲೆ ಒಂದಡಿ ಹರಿದ ಮೇಲೆ ತುದಿಯನ್ನೇ ಚಿವುಟಿಬಿಡಿ. ಸೋರೆ, ಹಾಗಲಕ್ಕೆ ಇದನ್ನು ತಪ್ಪದೆ ಮಾಡಬೇಕು, ಹೆಣ್ಣು ಹೂವು ಹೆಚ್ಚಾಗಿ ಬರುವುದು ಪಕ್ಕದ ಕವಲುಗಳಲ್ಲಿ.

ಮೊದಲ ಹತ್ತು ಹದಿನೈದು ದಿನ ಬರುವುದು ಗಂಡು ಹೂವೇ, ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಬೆರಳ ತುದಿಯಷ್ಟು ಮಿಡಿ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಸಿಹಿಗುಂಬಳ ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚುತ್ತದೆ. ಹಾಗಲವೂ ಬೆಳಗ್ಗೆಯೇ. ಹೀರೆ ಅರಳುವುದು ಸಂಜೆ, ಸೋರೆ ಮುಸ್ಸಂಜೆಗೆ. ಜಡಿಮಳೆಯಲ್ಲಿ ಜೇನು, ಪತಂಗ ಹಾರುವುದಿಲ್ಲ, ಮಿಡಿ ನಿಲ್ಲುವುದಿಲ್ಲ. ಆಗ ನಿಮ್ಮ ಕೈಯೇ ಜೇನಿನ ಕೆಲಸ ಮಾಡಬೇಕು. ಮಳೆ ಹೊಳವಾದ ಹೊತ್ತು ನೋಡಿ ಆಗತಾನೆ ಅರಳಿದ ಗಂಡು ಹೂವು ಕೊಯ್ದು, ಅದರ ಎಸಳು ಕಿತ್ತು, ನಡುವಿನ ಕುಚ್ಚನ್ನು ಬೆರಳಿಗೆ ಸವರಿ ನೋಡಿ. ಹಳದಿ ಹುಡಿ ಅಂಟಿದರೆ ಸರಿ, ಒದ್ದೆಯಾಗಿ ಮುದ್ದೆಗಟ್ಟಿದ್ದರೆ ಬೇರೆ ಹೂವು ಹುಡುಕಿ. ಆ ಕುಚ್ಚನ್ನು ಹೆಣ್ಣು ಹೂವಿನ ನಡುವಿನ ಉಬ್ಬಿಗೆ ಸುತ್ತಲೂ ಮೆಲ್ಲಗೆ ಒತ್ತಿ, ಒಂದು ಗಂಡು ಹೂವು ಎರಡು ಹೆಣ್ಣಿಗೆ ಸಾಕು. ಮೇಲೊಂದು ಎಲೆಯ ಟೊಪ್ಪಿ ಸಿಕ್ಕಿಸಿದರೆ ಹುಡಿ ತೊಳೆದುಹೋಗದು.

ಮಿಡಿ ಯಾಕೆ ಹೋಯಿತು ಎಂಬುದನ್ನು ಅದನ್ನೇ ಕೈಯಲ್ಲಿ ಹಿಡಿದು ನೋಡಿ ತಿಳಿಯಬೇಕು. ಪರಾಗ ಸಿಗದ್ದು ತುದಿಯಿಂದ ಹಳದಿಯಾಗಿ ಮೂರ್ನಾಲ್ಕು ದಿನದಲ್ಲಿ ಸುರುಟಿಕೊಳ್ಳುತ್ತದೆ, ಒಳಗೆ ಹುಳವಿರುವುದಿಲ್ಲ. ಹಣ್ಣುನೊಣ ಚುಚ್ಚಿದ್ದಾದರೆ ಸೂಜಿಮೊನೆಯಷ್ಟು ಗಾಯ, ಅಲ್ಲೊಂದು ಅಂಟಿನ ಹನಿ, ಆ ಕಡೆಗೇ ಸೊಟ್ಟಗಾದ ಕಾಯಿ. ಸೀಳಿದರೆ ಬಿಳಿ ಹುಳ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಎಸೆಯಲೇಬಾರದು. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಎರಡಡಿ ಆಳದಲ್ಲಿ ಹೂಳಿ, ಅಥವಾ ಸುಟ್ಟುಬಿಡಿ. ಪರಾಗ ಮುಟ್ಟಿಸಿದ ಎರಡು ಮೂರು ದಿನದೊಳಗೆ ಮಿಡಿಗೆ ತೆಳು ಬಟ್ಟೆಯ ಚೀಲ ಕಟ್ಟುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಳೆಗಾಲದಲ್ಲಿ ಪೇಪರ್ ಚೀಲ ನಿಲ್ಲದು. ಅಂಗಡಿಯಲ್ಲಿ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು) ಕೊಳ್ಳುವುದಾದರೆ ಕ್ಯೂ ಲ್ಯೂರ್ ಎಂದು ಹೆಸರು ಹೇಳಿ ಕೇಳಿ. ಮಾವಿನ ನೊಣಕ್ಕೆ ಕೊಡುವ ಮೀಥೈಲ್ ಯೂಜಿನಾಲ್ ಹೀರೆ, ಹಾಗಲದ ನೊಣವನ್ನು ಸೆಳೆಯುವುದಿಲ್ಲ, ಹಣ ದಂಡ.

ಹೂವು ಶುರುವಾದ ಮೇಲೆ ಗೋಮೂತ್ರ, ಸೆಗಣಿ ನೀರು ಕಡಿಮೆ ಮಾಡಿ, ಹದಿನೈದು ದಿನಕ್ಕೊಮ್ಮೆ ಬುಡದಿಂದ ಒಂದಡಿ ದೂರದಲ್ಲಿ ಒಂದು ಮುಷ್ಟಿ ಒಲೆಬೂದಿ ಉದುರಿಸಿ. ಬೂದಿಯನ್ನು ಗೋಮೂತ್ರದ ಜೊತೆ ಕಲಸಬೇಡಿ. ಮೂಗಿಗೆ ಹೊಡೆಯುವ ಆ ಘಾಟಿನಲ್ಲಿ ಗೊಬ್ಬರದ ಸಾರವೇ ಹಾರಿಹೋಗುತ್ತಿರುತ್ತದೆ. ಪಡವಲ ಸುರುಳಿ ಸುತ್ತಿದರೆ ತುದಿಗೆ ಪುಟ್ಟ ಕಲ್ಲು ಕಟ್ಟಿ ಇಳಿಬಿಡಿ, ನೆಟ್ಟಗಾಗುತ್ತದೆ.

ಬಚ್ಚಲ ನೀರಿನ ಕಡೆ ಬಾಳೆ ಇರಲಿ. ಬಸಳೆಗೆ ಸಾಬೂನು ನೀರು ಬಿಡಬೇಡಿ, ಅಕ್ಕಿ, ತರಕಾರಿ ತೊಳೆದ ನೀರು ಕೊಡಿ. ಬಸಳೆಗೆ ಬಲಿತ ಬಳ್ಳಿಯ ಒಂದು ಗೇಣಿನ ತುಂಡು, ಮೂರು ಗೆಣ್ಣಿರುವಂಥದ್ದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿದರೆ ಆಯಿತು. ಪಪ್ಪಾಯಿಯನ್ನೂ ಗುಡ್ಡೆಯ ಮೇಲೇ ನೆಡಬೇಕು, ಒಂದೆರಡು ದಿನ ಬುಡದಲ್ಲಿ ನೀರು ನಿಂತರೂ ಬೇರು ಕೊಳೆಯುತ್ತದೆ. ನಾಟಿ ಜಾತಿಯಾದರೆ ಒಂದೆಡೆ ಮೂರು ಸಸಿ ನೆಟ್ಟು, ಹೂವು ಬಂದಾಗ ಉದ್ದ ತೊಟ್ಟಿನಲ್ಲಿ ಗೊಂಚಲು ಜೋತ ಗಂಡು ಗಿಡ ತೆಗೆದು, ಕಾಂಡಕ್ಕೆ ಅಂಟಿದಂತೆ ದಪ್ಪ ಹೂವು ಬಿಡುವ ಹೆಣ್ಣು ಉಳಿಸಿ. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಇರಲೇಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯದಂಥ ತಳಿಗಳಲ್ಲಿ ಗಂಡು ಗಿಡದ ಗೋಜಿಲ್ಲ.

ಬೀಜಕ್ಕೆಂದು ಬಳ್ಳಿಯ ನಡುಭಾಗದ ಒಂದು ಚೆಂದದ ಕಾಯಿಗೆ ಮೊದಲೇ ದಾರ ಕಟ್ಟಿ ಗುರುತು ಮಾಡಿಡಿ, ಅಡುಗೆಗೆ ಕಾಯಿ ಸಾಲದ ದಿನವೂ ಅದನ್ನು ಮುಟ್ಟಬೇಡಿ. ಹೈಬ್ರಿಡ್ ಬಳ್ಳಿಯ ಬೀಜ ಇಟ್ಟರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ. ಹೀರೆ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಆಮೇಲೆ ಕೊಯ್ದು ಸಿಪ್ಪೆ ಸಮೇತ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿ. ಹಾಗಲ ಹಣ್ಣಾಗಿ ಕೆಂಪು ತಿರುಳು ಕಂಡಾಗ ಬೀಜ ತೆಗೆದು, ಬೂದಿಯಲ್ಲಿ ಉಜ್ಜಿ, ತೊಳೆದು, ನೆರಳಲ್ಲಿ ಒಣಗಿಸಿ ಬೂದಿ ತುಂಬಿದ ಡಬ್ಬಿಯಲ್ಲಿ ಮುಚ್ಚಿಡಿ.